ಉಮೇದುವಾರನ ಪ್ರತಿಜ್ಞಾಸಂನ್ಯಾಸ

ಚುನಾವಣೆಯ ಕಾಲವು ಸಮೀಪಿಸಿತೆಂದರೆ ನಮ್ಮ ಮನೆಗಳಲ್ಲಿ ಒಂದು ಹೊಸ ಬಗೆಯ ವಿನೋದವು ಪ್ರಾರಂಭವಾಗುತ್ತದೆ. ಯಾವನೋ ಒಬ್ಬ ಉಮೇದುವಾರನು ಹತ್ತು ವರ್ಷಗಳ ಹಿಂದೆ ಮಾಡಿದ ಭಾಷಣವನ್ನೂ ಅದೇ ವಿಷಯದಲ್ಲಿ ಅವನೇ ನಿನ್ನೆ ಆಡಿದ ಮಾತನ್ನೂ ಒಂದರ ಬೆನ್ನಿಗೊಂದನ್ನಿಟ್ಟು ಹುಡುಗರು ತಮ್ಮ ಮೊಬೈಲಿನಲ್ಲಿ ತೋರಿಸುತ್ತಾರೆ. ಅಂದು ಕೂಡದೆಂದದ್ದು ಇಂದು ಆಗಲೇಬೇಕಾದುದಾಗಿದೆ; ಅಂದು ದೇಶದ್ರೋಹವೆನಿಸಿದ್ದುದು ಇಂದು ದೇಶೋದ್ಧಾರವಾಗಿದೆ. ಮನೆಯವರೆಲ್ಲರೂ ನಗುತ್ತಾರೆ. ನಗೆಯು ಮುಗಿದ ಮೇಲೆ ಅವರಲ್ಲಿ ಎರಡು ಪಕ್ಷಗಳಾಗುತ್ತವೆ. "ನಾಲಗೆಗೆ ಎಲುಬಿಲ್ಲದ ಇಂಥವನಿಗೆ ವೋಟು ಕೊಡಲೇಬಾರದು" ಎಂಬುದು ಒಂದು ಪಕ್ಷ. "ರಾಜಕೀಯದಲ್ಲಿ ಇದೆಲ್ಲ ಇದ್ದದ್ದೇ" ಎಂಬುದು ಮತ್ತೊಂದು. ಆ ಉಮೇದುವಾರನು ತಮಗೆ ಬೇಕಾದವನಾಗಿದ್ದರೆ ಮೊದಲನೆಯವರು ಎರಡನೆಯ ಪಕ್ಷಕ್ಕೂ, ಬೇಡವಾದವನಾಗಿದ್ದರೆ ಎರಡನೆಯವರು ಮೊದಲನೆಯ ಪಕ್ಷಕ್ಕೂ ಕ್ಷಣಾರ್ಧದಲ್ಲಿ ಹಾರಿಬಿಡುವುದನ್ನು ನಾವೆಲ್ಲರೂ ಕಂಡಿದ್ದೇವೆ.

ಈ ಎರಡು ಪಕ್ಷಗಳೂ ತಪ್ಪೆಂಬುದೇ ಈ ಲೇಖನದ ಪ್ರತಿಜ್ಞೆಯಾಗಿರುತ್ತದೆ. ಅಭಿಪ್ರಾಯವನ್ನು ಬದಲಾಯಿಸುವುದು ದೋಷವಲ್ಲ. ಬದಲಾಯಿಸಿದುದನ್ನು ಮರೆಮಾಚುವುದು ದೋಷ. ಹಾಗೆ ಮರೆಮಾಚಿದವನನ್ನು ಪ್ರಶ್ನಿಸದೆ ಗೆಲ್ಲಿಸುವುದು ಅವನ ದೋಷಕ್ಕಿಂತಲೂ ದೊಡ್ಡದಾದ ನಮ್ಮ ದೋಷ.

ನಮ್ಮ ಭಾಷೆಯಲ್ಲಿ "ಮತ" ಎಂಬ ಒಂದೇ ಶಬ್ದವು ಅಭಿಪ್ರಾಯಕ್ಕೂ ವೋಟಿಗೂ ಸಲ್ಲುತ್ತದೆ. ಇದನ್ನು ಕೇವಲ ಕಾಕತಾಳೀಯವೆಂದು ತಳ್ಳಿಹಾಕತಕ್ಕದ್ದಲ್ಲ. ಮನನ ಮಾಡಿ ನಿಶ್ಚಯಿಸಿದುದು ಮತ. ಉಮೇದುವಾರನು ತನ್ನ ಮತವನ್ನು ನಮ್ಮ ಮುಂದಿಡುತ್ತಾನೆ. ಅದನ್ನು ನೋಡಿ ನಾವು ನಮ್ಮ ಮತವನ್ನು ಅವನಿಗೆ ಕೊಡುತ್ತೇವೆ. ಇದೊಂದು ವಿನಿಮಯ. ಕೊಂಡ ಮೇಲೆ ಅವನು ಕೊಟ್ಟದ್ದನ್ನು ಬದಲಾಯಿಸಿದನೆಂದರೆ, ನಮ್ಮಿಂದ ಪಡೆದುದರ ಲೆಕ್ಕವನ್ನು ಒಪ್ಪಿಸುವ ಹೊಣೆಯು ಅವನ ಮೇಲೆ ಬೀಳುತ್ತದೆ. ಬದಲಾಯಿಸಲೇಬಾರದೆಂದು ನಾನು ಹೇಳುತ್ತಿಲ್ಲ, ಲೆಕ್ಕವನ್ನು ಒಪ್ಪಿಸಬೇಕೆನ್ನುತ್ತೇನೆ.

ಬದಲಾಯಿಸಲೇಬಾರದೆಂಬವರು ಪುಣ್ಯಕೋಟಿಯನ್ನು ಉದಾಹರಿಸುತ್ತಾರೆ. ಆದರೆ ಪುಣ್ಯಕೋಟಿಯು ಉಳಿಸಿಕೊಂಡುದು ಮಾತನ್ನು, ಮತವನ್ನಲ್ಲ. ಮರಳಿ ಬರುವೆನೆಂದು ಆಡಿದ ಭಾಷೆಗೆ ತಪ್ಪುವುದು ಬೇರೆ, ಲೋಕದ ಸ್ಥಿತಿಯನ್ನು ಕುರಿತು ತಾಳಿದ ನಿಶ್ಚಯವನ್ನು ಹೊಸ ಪ್ರಮಾಣವು ದೊರೆತಾಗ ತಿದ್ದಿಕೊಳ್ಳುವುದು ಬೇರೆ. ಇನ್ನು ಆಡಿದುದನ್ನು ಅಕ್ಷರಶಃ ಹಿಡಿದು ನಿಲ್ಲುವುದೇ ಪರಮಧರ್ಮವೆನ್ನುವವರು ಭೀಷ್ಮನ ವೃತ್ತಾಂತವನ್ನು ಮತ್ತೊಮ್ಮೆ ಓದಿ ನೋಡಬೇಕು. ಯಾವ ಸತ್ಯವತಿಯ ವಿವಾಹಕ್ಕಾಗಿ ಆತನು ಪ್ರತಿಜ್ಞೆಯನ್ನು ಮಾಡಿದನೋ ಆ ಸತ್ಯವತಿಯೇ, ವಿಚಿತ್ರವೀರ್ಯನು ಮಕ್ಕಳಿಲ್ಲದೆ ಮೃತನಾದ ಮೇಲೆ, ವಂಶವನ್ನು ಉಳಿಸೆಂದು ಬೇಡಿಕೊಂಡಳು. ಪ್ರತಿಜ್ಞೆಯ ಪ್ರಯೋಜನವು ಮುಗಿದುಹೋಗಿದ್ದಿತು. ಪ್ರತಿಜ್ಞೆಯು ಮಾತ್ರ ಉಳಿಯಿತು. ಅದರ ಫಲವನ್ನು ಕುರುಕುಲವು ಉಂಡಿತು. ಪ್ರತಿಜ್ಞೆಯ ವಿಷಯದಲ್ಲಿಯೇ ಹೀಗಾದರೆ ಅಭಿಪ್ರಾಯದ ವಿಷಯದಲ್ಲಿ ಹೇಳುವುದೇನು? ಮೂವತ್ತು ವರ್ಷಗಳಲ್ಲಿ ಒಂದು ಅಭಿಪ್ರಾಯವನ್ನೂ ಬದಲಾಯಿಸದ ನಾಯಕನು ಸ್ಥಿರಬುದ್ಧಿಯವನಾಗಿರಬಹುದು. ಮೂವತ್ತು ವರ್ಷಗಳಿಂದ ಏನನ್ನೂ ಕಲಿಯದವನೂ ಆಗಿರಬಹುದು.

ಹಾಗಾದರೆ ಯೋಗ್ಯವಾದ ಬದಲಾವಣೆಯನ್ನು ಅಯೋಗ್ಯವಾದುದರಿಂದ ಬೇರ್ಪಡಿಸುವುದು ಹೇಗೆ? ಇದಕ್ಕೆ ನಮ್ಮಲ್ಲಿಯೇ ಒರೆಗಲ್ಲುಂಟು. ಗೌತಮನ ನ್ಯಾಯಸೂತ್ರಗಳಲ್ಲಿ ಇಪ್ಪತ್ತೆರಡು ನಿಗ್ರಹಸ್ಥಾನಗಳು, ಎಂದರೆ ವಾದಿಯು ಸೋಲುವ ಎಡೆಗಳು, ಎಣಿಸಲ್ಪಟ್ಟಿವೆ. ಗೆಲುವನ್ನೇ ಉದ್ದೇಶಿಸಿ ನಡೆಯುವ ಜಲ್ಪವೆಂಬ ಚರ್ಚೆಗೆ ಇವು ಮುಖ್ಯವಾಗಿ ಸೇರಿದವು. ಚುನಾವಣೆಯು ಜಲ್ಪವಲ್ಲದೆ ಮತ್ತೇನು? ಇವುಗಳಲ್ಲಿ ನಾಲ್ಕು ನಮ್ಮ ವಿಷಯಕ್ಕೆ ಹೇಳಿಮಾಡಿಸಿದಂತಿವೆ. ಎದುರಾಳಿಯ ಮಾತಿಗೆ ಒಪ್ಪಿ ತನ್ನ ಪಕ್ಷವನ್ನು ತಾನೇ ಬಿಟ್ಟುಕೊಡುವುದು ಪ್ರತಿಜ್ಞಾಹಾನಿ. ಪಕ್ಷಕ್ಕೆ ಭಂಗ ಬಂದಾಗ "ನಾನು ಹೇಳಿದುದು ಇಂಥ ವಿಶೇಷಣದೊಡನೆ" ಎಂದು ಹೊಸದೊಂದು ಪಕ್ಷವನ್ನು ಸೇರಿಸುವುದು ಪ್ರತಿಜ್ಞಾಂತರ. "ನಾನು ಹಾಗೆ ಹೇಳಿಯೇ ಇಲ್ಲ" ಎಂದು ಆಡಿದುದನ್ನೇ ಅಲ್ಲಗಳೆಯುವುದು ಪ್ರತಿಜ್ಞಾಸಂನ್ಯಾಸ. ತನ್ನ ದೋಷವನ್ನು ಪರಿಹರಿಸದೆ "ನಿನ್ನಲ್ಲಿಯೂ ಅದೇ ದೋಷವುಂಟು" ಎನ್ನುವುದು ಮತಾನುಜ್ಞೆ. ನಾಲ್ಕೂ ಸೋಲುಗಳೇ, ನಿಜ. ಆದರೆ ಮೊದಲನೆಯದು ಸೋಲನ್ನು ಹೊರುವವನ ಸೋಲು. ಉಳಿದ ಮೂರು ಸೋಲನ್ನು ತಪ್ಪಿಸಿಕೊಳ್ಳಲೆಳಸುವವನ ಸೋಲುಗಳು. ನನ್ನ ವಿವೇಚನೆಯೆಲ್ಲವೂ ಈ ಭೇದದ ಮೇಲೆ ನಿಂತಿದೆ. ಬೇರೆ ದೇಶಗಳ ಚರಿತ್ರೆಯಿಂದ ಮೂವರನ್ನು ಕರೆದು ಈ ಒರೆಗಲ್ಲಿಗೆ ತಿಕ್ಕಿ ನೋಡೋಣ. ನಮ್ಮವರನ್ನೇ ಮೊದಲು ತೆಗೆದುಕೊಂಡರೆ ವಾಚಕರು ಹೆಸರನ್ನು ನೋಡಿದೊಡನೆ ತೀರ್ಪು ಕೊಟ್ಟುಬಿಡುವರೆಂಬ ಭಯವು ನನಗುಂಟು.

ಮೊದಲನೆಯವನು ಇಂಗ್ಲೆಂಡಿನ ಸರ್ ರಾಬರ್ಟ್ ಪೀಲನು. ಆತನು 1817ನೆಯ ಇಸವಿಯಿಂದ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಪ್ರತಿನಿಧಿಯಾಗಿ ಪಾರ್ಲಿಮೆಂಟಿನಲ್ಲಿದ್ದನು. ರೋಮನ್ ಕ್ಯಾಥೊಲಿಕರಿಗೆ ಪಾರ್ಲಿಮೆಂಟಿನಲ್ಲಿ ಕುಳಿತುಕೊಳ್ಳುವ ಹಕ್ಕನ್ನು ಕೊಡಕೂಡದೆಂದು ವಾದಿಸುತ್ತಿದ್ದವರಲ್ಲಿ ಆತನು ಅಗ್ರಗಣ್ಯನು. ಆಕ್ಸ್‌ಫರ್ಡಿನ ಮತದಾರರಿಗೆ ಆತನು ಪ್ರಿಯನಾಗಿದ್ದುದೂ ಅದಕ್ಕಾಗಿಯೇ. 1828ನೆಯ ಇಸವಿಯಲ್ಲಿ ಐರ್ಲೆಂಡಿನ ಕ್ಲೇರ್ ಎಂಬ ಕ್ಷೇತ್ರದಿಂದ ಡೇನಿಯಲ್ ಓ'ಕಾನೆಲ್ ಎಂಬ ಕ್ಯಾಥೊಲಿಕನು ಚುನಾಯಿತನಾದನು. ಆದರೆ ಆಗಿನ ಪ್ರಮಾಣವಚನದ ನಿಯಮದಂತೆ ಸಭೆಯಲ್ಲಿ ಕುಳಿತುಕೊಳ್ಳುವಂತಿರಲಿಲ್ಲ. ಐರ್ಲೆಂಡು ಅಂತಃಕಲಹದ ಅಂಚಿಗೆ ಬಂದಿತು. ಗೃಹಮಂತ್ರಿಯಾಗಿದ್ದ ಪೀಲನು, ಹಕ್ಕನ್ನು ಕೊಡದೆ ಗತ್ಯಂತರವಿಲ್ಲವೆಂದು ನಿಶ್ಚಯಿಸಿದನು. ಆಗ ಆತನು ಮಾಡಿದುದನ್ನು ವಾಚಕರು ಗಮನಿಸಬೇಕು. ತನ್ನನ್ನು ಕಳುಹಿಸಿದವರ ನಂಬಿಕೆಗೆ ವಿರುದ್ಧವಾದ ಕೆಲಸವನ್ನು ಮಾಡಲಿರುವುದರಿಂದ ಆ ಸ್ಥಾನವನ್ನು ಬಿಡುವೆನೆಂದು ವಿಶ್ವವಿದ್ಯಾಲಯಕ್ಕೆ ತಾನೇ ಬರೆದನು. 1829ನೆಯ ಇಸವಿಯ ಫೆಬ್ರವರಿಯಲ್ಲಿ ಉಪಚುನಾವಣೆಯು ನಡೆಯಿತು. ಪೀಲನು ಮರಳಿ ಅದೇ ಮತದಾರರ ಮುಂದೆ ನಿಂತನು. ಸರ್ ರಾಬರ್ಟ್ ಇಂಗ್ಲಿಸನಿಗೆ ಸೋತನು. ಅನಂತರ ವೆಸ್ಟ್‌ಬರಿಯೆಂಬ, ಒಬ್ಬ ಧನಿಕನ ಮುಷ್ಟಿಯಲ್ಲಿದ್ದ ಸಣ್ಣ ಕ್ಷೇತ್ರದ ಮೂಲಕ ಸಭೆಯನ್ನು ಪ್ರವೇಶಿಸಿ ಮಸೂದೆಯನ್ನು ಮಂಡಿಸಿದನು. ಏಪ್ರಿಲ್ ತಿಂಗಳಲ್ಲಿ ಅದು ಶಾಸನವಾಯಿತು. ವೆಸ್ಟ್‌ಬರಿಯ ಬಾಗಿಲು ಅಷ್ಟೇನೂ ಶುಭ್ರವಾದುದಲ್ಲವೆಂಬುದನ್ನು ನಾನು ಮುಚ್ಚಿಡುವುದಿಲ್ಲ. ಆದರೂ ಮೊದಲಿನ ಬಾಗಿಲಿಗೆ ಹೋಗಿ ತಟ್ಟಿ, ಅದು ಮುಚ್ಚಿದುದನ್ನು ಕಂಡವನು ಆತನು.

ಇದೇ ಪೀಲನು ಹದಿನೇಳು ವರ್ಷಗಳ ಮೇಲೆ ಮತ್ತೊಮ್ಮೆ ತಿರುಗಿದನು. 1841ನೆಯ ಇಸವಿಯ ಚುನಾವಣೆಯಲ್ಲಿ ಆತನ ಪಕ್ಷವು ಗೆದ್ದುದು ವಿದೇಶದ ಧಾನ್ಯದ ಮೇಲಿನ ಸುಂಕವನ್ನು ಉಳಿಸುವುದೆಂಬ ಜಮೀನುದಾರರ ನಂಬಿಕೆಯ ಬಲದಿಂದ. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆಯ ಬೆಳೆಗೆ ರೋಗ ತಗುಲಿ ಕ್ಷಾಮವು ತಲೆದೋರಿತು. 1846ರಲ್ಲಿ ಪೀಲನು ಆ ಸುಂಕದ ಕಾಯಿದೆಯನ್ನೇ ರದ್ದುಪಡಿಸಿದನು. ಆತನ ಪಕ್ಷದ ಬಹುಭಾಗವು ವಿರುದ್ಧವಾಗಿ ನಿಂತಿತು. ಜೂನ್ ತಿಂಗಳಲ್ಲಿ ಪದವಿಯು ಹೋಯಿತು. 1850ರಲ್ಲಿ ಮೃತನಾಗುವವರೆಗೆ ಮತ್ತೆ ದೊರೆಯಲಿಲ್ಲ. ಈ ಸಲ ಆತನು ಮತದಾರರ ಬಳಿಗೆ ಹೋಗಲಿಲ್ಲವೆಂಬ ಆಕ್ಷೇಪಣೆಯು ನ್ಯಾಯವಾದುದೇ. ಆದರೆ ಕಾರಣವನ್ನು ಬಹಿರಂಗವಾಗಿ ಹೇಳಿದನು. ಬೆಲೆಯನ್ನು ತಾನೇ ತೆತ್ತನು. ಆಗ ಆತನನ್ನು ವಿಶ್ವಾಸಘಾತುಕನೆಂದು ಸಭೆಯಲ್ಲಿ ತೀಕ್ಷ್ಣವಾಗಿ ಹಳಿದವನು ಡಿಸ್ರೇಲಿ. ಆರೇ ವರ್ಷಗಳಲ್ಲಿ, 1852ರಲ್ಲಿ, ತಾನು ಅರ್ಥಸಚಿವನಾದಾಗ, ಅದೇ ಡಿಸ್ರೇಲಿಯು ಸುಂಕವನ್ನು ಮರಳಿ ತರುವ ಮಾತನ್ನು ಕೈಬಿಟ್ಟನು. ಹಳಿದವನೂ ಅಲ್ಲಿಗೇ ಬಂದನು. ಬೆಲೆಯನ್ನು ಮಾತ್ರ ಮೊದಲು ಹೋದವನು ತೆತ್ತಿದ್ದನು.

ಎರಡನೆಯವನು ಅಮೆರಿಕಾದ ಅಬ್ರಹಾಂ ಲಿಂಕನ್ನನು. ಗುಲಾಮರನ್ನು ಬಿಡಿಸಿದ ಮಹಾಪುರುಷನೆಂದು ನಮ್ಮ ಶಾಲೆಯ ಮಕ್ಕಳು ಓದುತ್ತಾರೆ. 1858ನೆಯ ಇಸವಿಯ ಸೆಪ್ಟೆಂಬರ್ 18ರಂದು ಇಲಿನಾಯ್ ಸಂಸ್ಥಾನದ ಚಾರ್ಲ್ಸ್‌ಟನ್ ಎಂಬ ಊರಿನಲ್ಲಿ, ಸೆನೆಟ್ ಸಭೆಯ ಉಮೇದುವಾರನಾಗಿ, ಆತನು ಆಡಿದ ಮಾತನ್ನು ಮಾತ್ರ ಅವರಿಗೆ ಯಾರೂ ಹೇಳುವುದಿಲ್ಲ. ಕಪ್ಪು ಜನರನ್ನು ಮತದಾರರನ್ನಾಗಲಿ ನ್ಯಾಯದರ್ಶಿಗಳನ್ನಾಗಲಿ ಮಾಡುವುದು ತನಗೆ ಸಮ್ಮತವಲ್ಲವೆಂದು ಆತನು ಅಂದು ಸ್ಪಷ್ಟವಾಗಿ ಹೇಳಿದನು. ಗುಲಾಮಗಿರಿಯು ಅನ್ಯಾಯವೆಂಬುದರಲ್ಲಿ ಆತನಿಗೆ ಎಂದೂ ಸಂದೇಹವಿರಲಿಲ್ಲ. ಆದರೆ ಆ ನ್ಯಾಯದೃಷ್ಟಿಯು ಎಷ್ಟು ದೂರ ಹೋಗಬೇಕೆಂಬುದರಲ್ಲಿ ಆತನು ತನ್ನ ಕಾಲದ ಜನರಿಗಿಂತ ಬಹಳವೇನೂ ಮುಂದಿರಲಿಲ್ಲ. ಪ್ರೆಸಿಡೆಂಟನಾದ ಮೇಲೂ, ಫ್ರೀಮಾಂಟ್ ಮತ್ತು ಹಂಟರ್ ಎಂಬ ಸೇನಾಪತಿಗಳು ತಮ್ಮ ಪ್ರಾಂತಗಳಲ್ಲಿ ಗುಲಾಮರನ್ನು ಬಿಡುಗಡೆ ಮಾಡಿದಾಗ ಆ ಆಜ್ಞೆಗಳನ್ನು ರದ್ದುಪಡಿಸಿದವನು ಆತನೇ. ಅನಂತರ 1863ನೆಯ ಇಸವಿಯ ಜನವರಿ 1ರಂದು ದಂಗೆಯೆದ್ದ ಪ್ರದೇಶಗಳ ಗುಲಾಮರು ಸ್ವತಂತ್ರರೆಂದು ಘೋಷಿಸಿದವನೂ ಆತನೇ.

ಇಂದಿನ ಹುಡುಗರು ಅಂದು ಇದ್ದಿದ್ದರೆ ಈ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನಗುತ್ತಿದ್ದರು. ಆದರೆ ಲಿಂಕನ್ನನು ಅವರಿಗೆ ಆ ಶ್ರಮವನ್ನೇ ಉಳಿಸಿದನು. 1864ನೆಯ ಇಸವಿಯ ಏಪ್ರಿಲ್ 4ರಂದು ಹಾಜಸ್ ಎಂಬ ಪತ್ರಿಕಾಕರ್ತನಿಗೆ ಬರೆದ ಕಾಗದದಲ್ಲಿ, ತಾನು ಮೊದಲು ಯಾವ ಯಾವ ಬಿಡುಗಡೆಯ ಯತ್ನಗಳನ್ನು ತಡೆದೆನೆಂಬುದನ್ನು ಒಂದೊಂದಾಗಿ ಎಣಿಸಿ, ಆಗ ಏಕೆ ತಡೆದೆನು, ಈಗ ಏಕೆ ಬದಲಾದೆನು ಎಂಬುದನ್ನು ವಿವರಿಸಿದನು. ಘಟನೆಗಳು ತನ್ನನ್ನು ನಡೆಯಿಸಿದುವೆಂದು ಒಪ್ಪಿಕೊಂಡನು. ಅದೇ ವರ್ಷ, ಗುಲಾಮಗಿರಿಯನ್ನು ರಾಜ್ಯಾಂಗದ ತಿದ್ದುಪಡಿಯಿಂದಲೇ ಅಳಿಸಬೇಕೆಂಬ ಪಕ್ಷದ ಘೋಷಣೆಯೊಡನೆ ಜನರ ಮುಂದೆ ನಿಂತನು. ಗೆಲ್ಲುವ ಭರವಸೆಯು ಆತನಿಗಿರಲಿಲ್ಲ. ತಾನು ಸೋಲುವುದೇ ಸಂಭವವೆಂದು ಆಗಸ್ಟ್ 23ರಂದು ಒಂದು ಚೀಟಿಯಲ್ಲಿ ಬರೆದು, ಅದನ್ನು ಮಡಿಸಿ, ಒಳಗೇನಿದೆಯೆಂದು ತೋರಿಸದೆ ಮಂತ್ರಿಗಳಿಂದ ರುಜು ಹಾಕಿಸಿಟ್ಟಿದ್ದನು. ನವೆಂಬರಿನಲ್ಲಿ ಗೆದ್ದನು. 1865ನೆಯ ಇಸವಿಯ ಏಪ್ರಿಲ್ 11ರಂದು, ಕಪ್ಪು ಜನರಲ್ಲಿ ವಿದ್ಯಾಬುದ್ಧಿಯುಳ್ಳವರಿಗೂ ಸೈನಿಕರಾಗಿ ಹೋರಾಡಿದವರಿಗೂ ಮತದಾನದ ಹಕ್ಕು ದೊರೆಯುವುದು ತನಗೆ ಇಷ್ಟವೆಂದು ಬಹಿರಂಗವಾಗಿ ಹೇಳಿದನು. ಚಾರ್ಲ್ಸ್‌ಟನ್ನಿನ ಮಾತಿಗೂ ಇದಕ್ಕೂ ಏಳು ವರ್ಷಗಳೂ ತುಂಬಿರಲಿಲ್ಲ. ಆ ಭಾಷಣವನ್ನು ಕೇಳುತ್ತಿದ್ದ ಗುಂಪಿನಲ್ಲಿ ಬೂತ್ ಎಂಬವನು ನಿಂತಿದ್ದನು. ಮೂರು ದಿನಗಳ ಮೇಲೆ ಅವನೇ ಲಿಂಕನ್ನನಿಗೆ ಗುಂಡಿಟ್ಟನು. ಅಭಿಪ್ರಾಯವನ್ನು ಬದಲಾಯಿಸಿದುದಕ್ಕೆ ಇದಕ್ಕಿಂತ ಹೆಚ್ಚಿನ ಬೆಲೆಯನ್ನು ತೆತ್ತವರಾರು?

ಮೂರನೆಯವನು ಅದೇ ದೇಶದ ಅಲಬಾಮಾ ಸಂಸ್ಥಾನದ ಜಾರ್ಜ್ ವಾಲೇಸನು. ಈತನ ಚರಿತ್ರೆಯು ಹೆಚ್ಚು ಬೋಧಪ್ರದವಾದುದು. ಏಕೆಂದರೆ ಒಬ್ಬನೇ ಮನುಷ್ಯನು ಎರಡು ಬಗೆಯ ಬದಲಾವಣೆಗೂ ಉದಾಹರಣೆಯಾಗಿದ್ದಾನೆ. 1958ರಲ್ಲಿ ಗವರ್ನರ್ ಪದವಿಗಾಗಿ ತನ್ನ ಪಕ್ಷದೊಳಗಣ ಸ್ಪರ್ಧೆಗೆ ನಿಂತಾಗ ಈತನು ಆ ನಾಡಿನ ಮಟ್ಟಿಗೆ ಸೌಮ್ಯನೆನಿಸಿಕೊಂಡಿದ್ದನು. ಕಪ್ಪು ಜನರ ಹಕ್ಕುಗಳಿಗಾಗಿ ದುಡಿಯುತ್ತಿದ್ದ ಸಂಸ್ಥೆಯ ಬೆಂಬಲವೂ ಇದ್ದಿತು. ವರ್ಣದ್ವೇಷಿಗಳ ಬೆಂಬಲವಿದ್ದ ಜಾನ್ ಪ್ಯಾಟರ್ಸನ್ ಎಂಬವನಿಗೆ ಸೋತನು. ಸೋತ ಮೇಲೆ ಹೊಸ ಪ್ರಮಾಣವೇನು ದೊರೆಯಿತು? ಯಾವುದೂ ಇಲ್ಲ, ಓಟುಗಳ ಎಣಿಕೆಯೊಂದೇ. 1962ರಲ್ಲಿ ವರ್ಣಭೇದದ ಉಗ್ರಸಮರ್ಥಕನಾಗಿ ನಿಂತು ಗೆದ್ದನು. ಅದು ಎಂದೆಂದಿಗೂ ಉಳಿಯಲೆಂದು 1963ನೆಯ ಇಸವಿಯ ಜನವರಿಯಲ್ಲಿ ಅಧಿಕಾರಸ್ವೀಕಾರದ ಭಾಷಣದಲ್ಲಿಯೇ ಘೋಷಿಸಿದನು. ಅದೇ ವರ್ಷದ ಜೂನ್ 11ರಂದು, ಇಬ್ಬರು ಕಪ್ಪು ವಿದ್ಯಾರ್ಥಿಗಳು ಸೇರಬಾರದೆಂದು ವಿಶ್ವವಿದ್ಯಾಲಯದ ಬಾಗಿಲಿಗೆ ಅಡ್ಡಲಾಗಿ ನಿಂತನು. ಈ ಬದಲಾವಣೆಯಲ್ಲಿ ಬೆಲೆಯನ್ನು ತೆತ್ತವನು ವಾಲೇಸನಲ್ಲ. ಆ ನಾಡಿನ ಕಪ್ಪು ಜನರು.

1972ರಲ್ಲಿ ಒಬ್ಬನು ಹಾರಿಸಿದ ಗುಂಡಿನಿಂದ ವಾಲೇಸನ ಸೊಂಟದ ಕೆಳಭಾಗವು ಸ್ವಾಧೀನ ತಪ್ಪಿತು. 1979ರಲ್ಲಿ ಆತನು ಮಾಂಟ್‌ಗೊಮರಿಯ ಡೆಕ್ಸ್ಟರ್ ಅವೆನ್ಯೂ ಚರ್ಚಿಗೆ, ಪೂರ್ವದಲ್ಲಿ ಮಾರ್ಟಿನ್ ಲೂಥರ್ ಕಿಂಗನು ಪಾದ್ರಿಯಾಗಿದ್ದ ಆ ದೇವಾಲಯಕ್ಕೆ, ಗಾಲಿಕುರ್ಚಿಯಲ್ಲಿ ಹೋಗಿ ಅಲ್ಲಿದ್ದ ಕಪ್ಪು ಜನರ ಕ್ಷಮೆಯನ್ನು ಬೇಡಿದನು. 1982ರಲ್ಲಿ ಮತ್ತೆ ಗವರ್ನರ್ ಪದವಿಗೆ ನಿಂತಾಗ ಕಪ್ಪು ಮತದಾರರಲ್ಲಿಯೂ ಬಹಳ ಮಂದಿ ಆತನಿಗೆ ಮತ ಕೊಟ್ಟರು. ಇದೂ ಮತಕ್ಕಾಗಿ ಹೂಡಿದ ಹೂಟವೆಂದು ಶಂಕಿಸಿದವರುಂಟು. ಆ ಶಂಕೆಯನ್ನು ನಾನು ತಳ್ಳಿಹಾಕಲಾರೆನು. ಆದರೆ ಒಂದು ಭೇದವು ಸ್ಪಷ್ಟವಾಗಿದೆ. ಮೊದಲನೆಯ ಸಲ ಹಳೆಯದನ್ನು ಮುಚ್ಚಿ ಹೊಸದನ್ನು ಆಡಿದನು. ಎರಡನೆಯ ಸಲ ಹಳೆಯದನ್ನು ತೆರೆದಿಟ್ಟು, ಅದರಿಂದ ನೊಂದವರ ಮುಂದೆಯೇ ತಪ್ಪೆಂದನು. ಕ್ಷಮಿಸುವುದೂ ಬಿಡುವುದೂ ನೊಂದವರಿಗೆ ಸೇರಿದುದು. ಹೊರಗಿನವರಾದ ನಮಗೆ ಅದನ್ನು ಕ್ಷಮಿಸುವ ಅಧಿಕಾರವಿಲ್ಲ.

ಈಗ ನಮ್ಮ ದೇಶಕ್ಕೆ ಬರೋಣ. ನಮ್ಮಲ್ಲಿ ಈ ರೋಗಕ್ಕೆ ಔಷಧವಾಗಿ 1985ರಲ್ಲಿ ಸಂವಿಧಾನದ ಐವತ್ತೆರಡನೆಯ ತಿದ್ದುಪಡಿಯಿಂದ ಹತ್ತನೆಯ ಅನುಸೂಚಿಯು ಸೇರಿಸಲ್ಪಟ್ಟಿತು. ಅದನ್ನು ಪಕ್ಷಾಂತರ ನಿಷೇಧವೆಂದು ಕರೆಯುತ್ತೇವೆ. ಪಕ್ಷವನ್ನು ಸ್ವಇಚ್ಛೆಯಿಂದ ಬಿಟ್ಟ ಅಥವಾ ಪಕ್ಷದ ಆದೇಶಕ್ಕೆ ವಿರುದ್ಧವಾಗಿ ಸಭೆಯಲ್ಲಿ ಮತವಿತ್ತ ಸದಸ್ಯನು ಸ್ಥಾನವನ್ನು ಕಳೆದುಕೊಳ್ಳಬೇಕೆಂಬುದು ಅದರ ಸಾರ. ಇದರ ಉದ್ದೇಶವು ಒಳ್ಳೆಯದು. 1967ರಲ್ಲಿ ಹರಿಯಾಣದ ಗಯಾಲಾಲರು ಹದಿನೈದು ದಿನಗಳೊಳಗೆ ಮೂರು ಸಲ ಪಕ್ಷವನ್ನು ಬದಲಾಯಿಸಿದುದನ್ನು ಕಂಡ ದೇಶಕ್ಕೆ ಅಂಥ ಕಟ್ಟು ಬೇಕಾಗಿತ್ತು. ಆದರೆ ಈ ಕಾಯಿದೆಯು ಕಾಯುವುದು ಬಾವುಟವನ್ನು, ಮತವನ್ನಲ್ಲ. ಒಬ್ಬ ಸದಸ್ಯನು ತನ್ನ ಮತದಾರರಿಗೆ ಹೇಳಿದ ಮಾತಿನಂತೆಯೇ ನಡೆದು, ತಿರುಗಿಬಿದ್ದ ತನ್ನ ಪಕ್ಷದ ಆದೇಶವನ್ನು ಮೀರಿದರೆ, ಶಿಕ್ಷೆಯು ಅವನಿಗೆ. ಪಕ್ಷವೇ ಚುನಾವಣೆಯಲ್ಲಿ ಹೇಳಿದುದಕ್ಕೆ ಬೆನ್ನು ತಿರುಗಿಸಿ ತನ್ನವರೆಲ್ಲರನ್ನೂ ಆದೇಶದಿಂದ ಎಳೆದೊಯ್ದರೆ, ಶಿಕ್ಷೆಯು ಯಾರಿಗೂ ಇಲ್ಲ. ಪೀಲನು ನಮ್ಮ ಪಾರ್ಲಿಮೆಂಟಿನಲ್ಲಿ ಇದ್ದಿದ್ದರೆ, 1846ರಲ್ಲಿ ಆತನ ಎದುರು ನಿಂತ ಸ್ವಪಕ್ಷೀಯರು ಸ್ಥಾನಗಳನ್ನು ಕಳೆದುಕೊಳ್ಳುತ್ತಿದ್ದರು!

ನಮ್ಮ ಕರ್ನಾಟಕದಲ್ಲಿ 2019ನೆಯ ಇಸವಿಯಲ್ಲಿ ಹದಿನೇಳು ಮಂದಿ ಶಾಸಕರು ಅನರ್ಹರಾದರು. ಅದೇ ವರ್ಷದ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಅನರ್ಹತೆಯನ್ನು ಎತ್ತಿಹಿಡಿದು, ಮರಳಿ ಸ್ಪರ್ಧಿಸಲು ಅವಕಾಶವನ್ನಿತ್ತಿತು. ಡಿಸೆಂಬರ್ 5ರಂದು ಹದಿನೈದು ಕ್ಷೇತ್ರಗಳಲ್ಲಿ ಉಪಚುನಾವಣೆಯು ನಡೆದು, ಹೊಸ ಬಾವುಟವನ್ನು ಹಿಡಿದು ನಿಂತ ಅನರ್ಹರಲ್ಲಿ ಬಹುಮಂದಿ ಗೆದ್ದರು. ಮತದಾರರ ಬಳಿಗೆ ಮರಳಿ ಹೋಗಬೇಕೆಂಬ ನಿಯಮವೇನೋ ಈಡೇರಿತು. ನಾನು ಕೇಳುವುದು ಬೇರೆಯೇ ಇದೆ. ಬಾಗಿಲಿಗೆ ಬಂದವರನ್ನು ನಾವು ಏನೆಂದು ಪ್ರಶ್ನಿಸಿದೆವು? ಅವರು ಯಾವ ವಿಷಯದಲ್ಲಿ ಯಾವ ಅಭಿಪ್ರಾಯವನ್ನು ಏಕೆ ಬದಲಾಯಿಸಿದರೆಂದು ಕೇಳಿದೆವೋ, ಅಥವಾ ಯಾವ ಬಾವುಟವೆಂದು ಮಾತ್ರ ಕೇಳಿದೆವೋ? ಆಕ್ಸ್‌ಫರ್ಡಿನ ಮತದಾರರು ಪೀಲನನ್ನು ಸೋಲಿಸಿದುದು ಸರಿಯೋ ತಪ್ಪೋ, ಆ ಚರ್ಚೆಯಾದರೂ ನಡೆದುದು ಆತನ ಮತವನ್ನು ಕುರಿತು.

"ಇಷ್ಟೆಲ್ಲ ಕೇಳಲು ಸಾಮಾನ್ಯರಿಗೆ ಸಾಧ್ಯವೇ?" ಎಂದು ಆಕ್ಷೇಪಿಸುವವರಿದ್ದಾರೆ. ಮದುವೆಯ ಗಂಡಿನ ಪೂರ್ವೋತ್ತರವನ್ನು ಮೂರು ತಲೆಮಾರುಗಳವರೆಗೆ ವಿಚಾರಿಸುವ ಜನ ನಾವು. ಐದು ವರ್ಷಗಳ ಅಧಿಕಾರವನ್ನು ಒಪ್ಪಿಸುವವನನ್ನು ಮೂರು ಪ್ರಶ್ನೆಗಳನ್ನು ಕೇಳಲಾರೆವೇ? ಮೊದಲು ಹೇಳಿದುದನ್ನು ಹೇಳಿದೆನೆಂದು ಒಪ್ಪುತ್ತೀಯಾ? ಅಂದಿನಿಂದ ಇಂದಿಗೆ ಯಾವ ಹೊಸ ಸಂಗತಿಯನ್ನು ಕಂಡು ಬದಲಾದೆ? ಈ ಬದಲಾವಣೆಯಿಂದ ನೀನು ಕಳೆದುಕೊಂಡುದೇನು, ಗಳಿಸಿದುದೇನು? ಮೊದಲನೆಯದಕ್ಕೆ ಇಲ್ಲವೆಂದರೆ ಅದು ಪ್ರತಿಜ್ಞಾಸಂನ್ಯಾಸ. ಎರಡನೆಯದಕ್ಕೆ "ನಾನು ಹೇಳಿದುದರ ಅರ್ಥವೇ ಬೇರೆ" ಎಂದರೆ ಪ್ರತಿಜ್ಞಾಂತರ. ಮೂರನೆಯದಕ್ಕೆ "ಆ ಪಕ್ಷದವರು ಮಾಡಲಿಲ್ಲವೇ?" ಎಂದರೆ ಮತಾನುಜ್ಞೆ. ಕಳೆದುಕೊಂಡುದು ಏನೂ ಇಲ್ಲದೆ ಗಳಿಸಿದುದೇ ಎಲ್ಲವೂ ಆಗಿದ್ದರೆ, ಸಾಕ್ಷಿಯನ್ನು ಇನ್ನಷ್ಟು ಕೇಳಬೇಕು. ಈ ಪ್ರಶ್ನೆಗಳನ್ನು ನಮಗೆ ಪ್ರಿಯನಾದವನಿಗೇ ಮೊದಲು ಹಾಕತಕ್ಕದ್ದು. ಅಪ್ರಿಯನಾದವನಿಗೆ ಹಾಕಲು ಯಾರ ಉಪದೇಶವೂ ಬೇಕಾಗುವುದಿಲ್ಲ.

ಒಂದು ಮಾತನ್ನು ಹೇಳಿ ಮುಗಿಸುತ್ತೇನೆ. ಉಪಾಧ್ಯಾಯನಾಗಿದ್ದ ಕಾಲದಲ್ಲಿ ನಾನು ಒಂದು ಸಮಾಸದ ವಿಗ್ರಹವಾಕ್ಯವನ್ನು ತರಗತಿಯಲ್ಲಿ ತಪ್ಪಾಗಿ ಹೇಳಿಕೊಟ್ಟಿದ್ದೆನು. ವಾರ ಕಳೆದ ಮೇಲೆ ಒಬ್ಬ ಹುಡುಗನು ಎದ್ದುನಿಂತು ವಿನಯದಿಂದ ಅದನ್ನು ತೋರಿಸಿದನು. "ನಾನು ಹಾಗೆ ಹೇಳಿಯೇ ಇಲ್ಲ, ನೀನು ತಪ್ಪು ಬರೆದುಕೊಂಡಿದ್ದೀಯೆ" ಎಂದೆನು. ಅವನು ಕುಳಿತುಕೊಂಡನು. ಮೂವತ್ತು ಹುಡುಗರ ಪುಸ್ತಕಗಳಲ್ಲಿಯೂ ನಾನು ಹೇಳಿದಂತೆಯೇ ಬರೆದಿದ್ದಿತು. ಒಬ್ಬನೂ ಬಾಯಿ ಬಿಡಲಿಲ್ಲ. ನ್ಯಾಯಶಾಸ್ತ್ರವನ್ನು ಓದಿಕೊಂಡಿದ್ದ ನನಗೆ ನಾನು ನಿಂತ ಸ್ಥಳದ ಹೆಸರು ಗೊತ್ತಿದ್ದಿತು. ಅಂದು ಆ ಮೌನವನ್ನು ನಾನು ಗೌರವವೆಂದು ತಿಳಿದೆನು. ಅದು ಗೌರವವಾಗಿರಲಿಲ್ಲ, ಮೇಷ್ಟ್ರು ಹೀಗೆಯೇ ಎಂದು ಅವರು ಕಲಿತುಕೊಂಡರು. "ರಾಜಕೀಯದಲ್ಲಿ ಇದೆಲ್ಲ ಇದ್ದದ್ದೇ" ಎಂದು ಮನೆಯಲ್ಲಿ ಹಿರಿಯರು ನಕ್ಕುಬಿಟ್ಟಾಗ, ಪಕ್ಕದಲ್ಲಿ ಕುಳಿತ ಮಕ್ಕಳು ಕಲಿಯುವುದೂ ಇಂಥದನ್ನೇ.